ಸಿಗ್ನಲ್ ಹತ್ರ ನಿಂತ ಗಾಡಿ

ಮೊನ್ನೆ ಸಂಜಿಮುಂದ ಲೋಂಡಾದಿಂದ ಬರೋವಾಗ ಗಾಡಿ ಅಳ್ನಾವರದ ಹೊರಗ ನಿಂತೇಬಿಡ್ತು. "ಡ್ರೈವರ್ ಮಲಗ್ಯಾನೇನ?" ಅಂತ ಎದುರಿಗೆ ಕೂತಾಕಿ ಬೈಲಿಕ್ಕೆ ಹತ್ತಿದ್ಲು. ನಾ ಸುಮ್ನ ಹ್ಯಾಂಗ ಕೂಡ್ಲಿ ಹೇಳ್ರಿ? ನನ್ನ ಮಗನೂ ಅಸಿಸ್ಟಂಟ್ ಲೋಕೋ ಪೈಲಟ್ ಅಲ್ಲೇನು!

ಆಟೋಮ್ಯಾಟಿಕ್ ಸಿಗ್ನಲ್ ಇದ್ರ ಹಗಲಿಗೆ 1 ಮಿನಿಟ್, ರಾತ್ರಿ 2 ಮಿನಿಟ್ ನಿಂತು ಸಾವಕಾಶ ಮುಂದ ಹೋಗಬಹುದಂತ. ಸ್ಟೇಷನ್ ಹೊರಗಿನ ಮೊದಲ್ನೇ ಸಿಗ್ನಲ್ ಹಂಗಲ್ಲ. ಕೆಂಪು ಅಂದ್ರ ಕೆಂಪೇ. 5 ಮಿನಿಟ್ ಆದ್ರೂ ಬಿಡ್ಲಿಲ್ಲಂದ್ರ ಸೀಟಿ ಹೊಡೆದು ಗಾರ್ಡಿಗೆ ತಿಳಿಸ್ಬೇಕು. ಗಾರ್ಡ್ ಹಿಂದಿನ ಕಡೆ ಕೆಂಪು ತೋರಿಸಿ, ಬಾಲದ ದೀಪ ಸರಿ ಅದನೋ ಇಲ್ಲೋ ನೋಡ್ತಾರ. ಎಂಜಿನ್ನಿನಾಗಿಂದ ಒಬ್ರು ಇಳಿದು ಸ್ಟೇಷನ್ನಿಗೆ ಹೇಳಲಿಕ್ಕೆ ನಡೀಬೇಕು. ವಾಕಿಟಾಕಿ ಇರ್ತದ ಖರೆ, ಆ ಕಡಿಂದ ಉತ್ತರ ಬರ್ಬೇಕಲ್ಲ.

ಹೋದ ಮಳಿಗಾಲದಾಗ ನಮ್ಮವ ಹಂಗೇ ರಾತ್ರಿ ಒಬ್ನೇ ನಡದಿದ್ನಂತ. ನನಗ ಹೇಳೇ ಇಲ್ಲ. ಬೂಟಿನ ಕೆಸರು ತೊಳೀತಾ ನಾನೇ ಕೆದಕಿ ಕೇಳಿದ್ಮ್ಯಾಲ ಬಾಯಿ ಬಿಟ್ಟ. ಅವತ್ತಿಂದ ಮಳಿ ಬಂದ್ರ ನನಗ ನಿದ್ದಿ ಇಲ್ಲ.

ಇಷ್ಟು ಹೇಳೂದ್ರಾಗ ಎಂಜಿನ್ ಸೀಟಿ ಹೊಡೀತು. ಆಕಿ ಬೈಯೋದು ಬಿಟ್ಟು ಕಿಟಕ್ಯಾಗ ಬಗ್ಗಿ ನೋಡ್ಲಿಕ್ಕೆ ಹತ್ತಿದ್ಲು, ಯಾರರ ಬ್ಯಾಟರಿ ಹಿಡ್ಕೊಂಡು ಹೊಂಟಾರೇನು ಅಂತ.