ಒಳಮೈಯಲ್ಲಿ ಹಳೇ ಪೇಪರ್

ಆಫೀಸ್ ಕೆಲಸಕ್ಕೆ ಅಂತ ಮೆಕ್ಸಿಕೊ ಸಿಟಿಗೆ ಹೋದವಳಿಗೆ ಒಂದು ಭಾನುವಾರ ಬಿಡುವು ಸಿಕ್ಕಿತು. ಅಲ್ಲಿನ ಜನಪದ ಕಲೆಯ ಮ್ಯೂಸಿಯಂಗೆ ಹೋದೆ. ರೆಕ್ಕೆ, ಕೊಂಬು, ಹಾವಿನ ನಾಲಿಗೆ, ಕೋಳಿಕಾಲು ಎಲ್ಲವನ್ನೂ ಒಂದೇ ಮೈಯಲ್ಲಿ ಹೊತ್ತ ಪ್ರಾಣಿಗಳು! ‘ಕೊಕೊ’ ಸಿನಿಮಾ ನೋಡಿದ್ರೆ ನಿಮಗೂ ಪರಿಚಯ ಇರುತ್ತೆ. ಹೆಸರು ಅಲೆಬ್ರಿಹೆ. ಮುಟ್ಟಿದರೆ ಮರ ಅನ್ನಿಸೋ ಇವು ಬರೀ ಕಾಗದ, ಅಂಟು.

ಇವನ್ನು ಮೊದಲು ಮಾಡಿದ್ದು ಇದೇ ಊರಿನ ಪೆದ್ರೊ ಲಿನಾರೆಸ್. 1936ರಲ್ಲಿ ಕಾಯಿಲೆ ಬಿದ್ದಾಗ ಇಂಥ ಪ್ರಾಣಿಗಳು ಕನಸಲ್ಲಿ ಬಂದು ‘ಅಲೆಬ್ರಿಹೆಸ್’ ಅಂತ ಕೂಗಿದವಂತೆ. ಕನಸಿನ ಕಥೆಗಿಂತ ನನಗೆ ಹಿಡಿಸಿದ್ದು ಅವರ ಮೂಲ ಕಸುಬು. ಏಸುವಿಗೆ ದ್ರೋಹ ಮಾಡಿದ ಯೂದಾಸನ ಕಾಗದದ ಬೊಂಬೆಗಳನ್ನೂ ಅವರು ಮಾಡುತ್ತಿದ್ದರು. ಈಸ್ಟರ್ ಹಿಂದಿನ ದಿನ ಅದಕ್ಕೆ ಪಟಾಕಿ ಕಟ್ಟಿ ಬೀದಿಯಲ್ಲೇ ಸುಡ್ತಾರೆ, ನಮ್ಮ ಕಾಮಣ್ಣನ ಥರ. ಕಷ್ಟಪಟ್ಟು ಮಾಡಿದ್ದು ಕ್ಷಣದಲ್ಲಿ ಬೂದಿ. ಫ್ರೀಡಾ ಕಾಹ್ಲೋ, ದಿಯೆಗೊ ರಿವೇರಾ ದಂಪತಿ ಮಾತ್ರ ಅಂಥ ಬೊಂಬೆಗಳನ್ನು ಸುಡದೆ ಮನೆಯಲ್ಲಿಟ್ಟುಕೊಂಡಿದ್ದರು.

ಮಧ್ಯಾಹ್ನ, ಅಲ್ಲಿನ ಸಹೋದ್ಯೋಗಿ ಒಬ್ಬಳು ಮುಖವಾಡ ಮಾಡೋ ಒಬ್ಬ ಅಜ್ಜಿಯ ಮನೆಗೆ ಕರೆದುಕೊಂಡು ಹೋದಳು. ಒಂದು ಹುಲಿ ಮುಖ ಇಷ್ಟವಾಯ್ತು. ಬೆಲೆ ಕೇಳಿ, ‘ಪೇಪರ್‌ಗೆ ಇಷ್ಟಾ?’ ಅಂದುಬಿಟ್ಟೆ. ಗೆಳತಿ ಹೇಗೆ ಅನುವಾದಿಸಿದಳೋ, ಅಜ್ಜಿ ನಕ್ಕು, ಮಣ್ಣಿನ ಅಚ್ಚಿನ ಮೇಲಿದ್ದ ಹಸಿ ಮುಖವಾಡದ ಮುಂದೆ ನನ್ನನ್ನು ಕೂರಿಸಿದರು. ಹಿಟ್ಟು ಕುದಿಸಿದ ಅಂಟು ಸವರಬೇಕು, ಕಾಗದ ಅಂಟಿಸಬೇಕು, ಮತ್ತೆ ಅಂಟು. ಕತ್ತರಿ ಹಿಡಿದೆ, ಕಿತ್ತುಕೊಂಡರು. ಕೈಯಲ್ಲಿ ಹರಿದರೇನೇ ಅಂಚು ತೆಳುವಾಗಿ ಒಂದಕ್ಕೊಂದು ಕೂಡಿಕೊಳ್ಳೋದು. ಪದರದ ಮೇಲೆ ಪದರ, ಬಿಸಿಲಲ್ಲಿ ಒಣಗಿಸೋದು, ಅಚ್ಚಿನಿಂದ ಬಿಡಿಸೋದು, ಬಿಳಿ ಬಳಿಯೋದು. ಬಣ್ಣದ ಸರದಿ ಆಮೇಲೆ. ಅರ್ಧ ಗಂಟೆಯಲ್ಲಿ ನಾನು ಒಂದು ಕೆನ್ನೆ ಮುಗಿಸಿದ್ದೆ, ಅದೂ ಸುಕ್ಕುಸುಕ್ಕು.

ಆ ಅಂಟಿನ ವಾಸನೆಗೆ ನಮ್ಮಜ್ಜಿ ನೆನಪಾದಳು. ಹಳೇ ಪೇಪರ್, ಮೆಂತ್ಯ ನೆನೆಸಿ, ಒರಳಲ್ಲಿ ರುಬ್ಬಿ, ಕೊಡ ಬೋರಲು ಹಾಕಿ ಅದರ ಮೇಲೆ ಮೆತ್ತಿ ಬುಟ್ಟಿ ಮಾಡ್ತಿದ್ದಳು. ಅವಳು ಹೋದ ಮೇಲೆ ತಿಪಟೂರಿನ ಮನೆ ಖಾಲಿ ಮಾಡಿದವಳು ನಾನೇ. ಆ ಬುಟ್ಟಿಗಳನ್ನು ರದ್ದಿ ಜೊತೆ ತೂಕಕ್ಕೆ ಹಾಕಿದ್ದೆ.

ಹೇಳಿದಷ್ಟು ಬೆಲೆ ಕೊಟ್ಟು ಹುಲಿ ತಗೊಂಡೆ. ಅದರ ಒಳಮೈಗೆ ಬಣ್ಣ ಇಲ್ಲ. ಸ್ಪ್ಯಾನಿಷ್ ಪೇಪರಿನ ಫುಟ್‌ಬಾಲ್ ಸುದ್ದಿ ಕಾಣುತ್ತೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಬುಟ್ಟಿಗೆ ಮೆಂತ್ಯ ಎಷ್ಟು ಹಾಕ್ತಿದ್ರು ಅಂತ ಕೇಳಿದೆ.

‘ಮೆಂತ್ಯ ಇರ್ಲಿ, ಒರಳು ಎಲ್ಲಿಂದ ತರ್ತೀಯೇ?’ ಅಂದಳು.

‘ಮಿಕ್ಸಿ ಆಗಲ್ವಾ?’