ಕೀಲೆಣ್ಣೆ

ಮಠದಲ್ಲಿ ಓದುತ್ತಿದ್ದ ಬಾಲ್ಯದಲ್ಲಿ ನಮ್ಮ ಪಾಲಿಗೆ ಬಂದಿದ್ದ ಕೆಲಸಗಳಲ್ಲಿ ಚಕ್ಕಡಿಗೆ ಕೀಲೆಣ್ಣೆ ಹಾಕುವುದೂ ಒಂದು. ಔಡಲೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಚಕ್ಕಡಿಯ ಕೆಳಗೆ ತೂಗಹಾಕುತ್ತಿದ್ದೆವು. ಅಚ್ಚು ಕಿರುಗುಟ್ಟಿತೆಂದರೆ ಹಿರಿಯರು ಅಲ್ಲಿಯೇ ಎತ್ತುಗಳನ್ನು ನಿಲ್ಲಿಸುತ್ತಿದ್ದರು. ಎಣ್ಣೆ ಹಾಕದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಬಾಲ್ಯದಲ್ಲಿ ಕಲಿತ ಆ ಪಾಠವನ್ನು ಅರವತ್ತು ದಾಟಿದ ಮೇಲೆ ನಾನು ಮರೆತೆ.

ಅಣ್ಣನವರು ಲಿಂಗೈಕ್ಯರಾದ ಬಳಿಕ ಅವರ ಅಂಬಾಸಿಡರ್ ಕಾರು ನನ್ನ ವಶಕ್ಕೆ ಬಂದಿತು. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಈ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು, ನಮ್ಮದು 1988ರದು. ಎಣ್ಣೆಯ ಮಟ್ಟ ತೋರಿಸುವ ಕಡ್ಡಿಯನ್ನು ಎಳೆದು ನೋಡದೆ ಅಣ್ಣನವರು ದೂರದ ಊರಿಗೆ ಎಂದೂ ಹೊರಟವರಲ್ಲ. ಅದನ್ನು ನಾನು ಅತಿಯಾದ ಎಚ್ಚರಿಕೆಯೆಂದು ಎಣಿಸಿದ್ದೆ.

ಕಳೆದ ಬೇಸಿಗೆಯಲ್ಲಿ ಅತ್ತಿಗೆಯವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಹುನಗುಂದದಿಂದ ಬಾಗಲಕೋಟೆಗೆ ಹೊರಟೆವು. ಅಮೀನಗಡ ದಾಟಿದ ಮೇಲೆ ಒಂದು ತಿರುವಿನಲ್ಲಿ ಕೆಂಪು ದೀಪ ಮಿನುಗಿತು. ಅದನ್ನು ಕಂಡವನು ನಾನಲ್ಲ, ಒಂದು ಕಣ್ಣಿಗೆ ಪೊರೆ ಬಂದಿದ್ದ ಅತ್ತಿಗೆಯವರು.

“ತಮ್ಮಾ, ಆ ಕೆಂಪು ದೀಪ ಹತ್ತಿ ಹತ್ತಿ ಆರಾಕ ಹತ್ತೈತಿ ನೋಡು.”

“ಆಸ್ಪತ್ರೆಗೆ ಹೊತ್ತಾಗ್ತದ, ಹೋಗಿ ನೋಡಿದರಾಯ್ತು” ಎಂದೆ.

“ಕಣ್ಣು ನಾಳೆ ಮಾಡಿಸಿದರೂ ನಡೀತೈತಿ. ನಿಮ್ಮ ಅಣ್ಣನ ಗಾಡಿ ಸುಟ್ಟರ ಮತ್ತ ಬರಂಗಿಲ್ಲ. ನಿಲ್ಲಸು.”

ನಿಲ್ಲಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಕಡ್ಡಿಯನ್ನು ಎಳೆದರೆ ತುದಿಯಲ್ಲಿ ಕಪ್ಪು ಹನಿಯೊಂದಿತ್ತು, ಅಷ್ಟೇ. ಹಿಂದೆ ಬಂದ ಬಸ್ಸಿನಲ್ಲಿ ಅತ್ತಿಗೆಯವರನ್ನು ಮಗನೊಡನೆ ಕಳುಹಿಸಿ ಬೇವಿನ ನೆರಳಿನಲ್ಲಿ ಕುಳಿತೆ. ಅಮೀನಗಡದಿಂದ ಎಣ್ಣೆಯ ಡಬ್ಬಿಯೊಂದಿಗೆ ಬಂದ ಮೇಸ್ತ್ರಿ ನನ್ನ ಮೊಮ್ಮಗನಾಗುವ ವಯಸ್ಸಿನವನು. ಅಂದು ಅವನೇ ನನ್ನ ಗುರುವಾದ.

ಆ ದೀಪ ಎಣ್ಣೆಯ ಪ್ರಮಾಣವನ್ನಲ್ಲ, ಒತ್ತಡವನ್ನು ಸೂಚಿಸುತ್ತದೆಂದು ಅವನು ತಿಳಿಸಿದ. ಎಣ್ಣೆ ತೀರ ಕಡಿಮೆಯಾದಾಗ ತಿರುವಿನಲ್ಲಿ ಅದು ತೊಟ್ಟಿಯ ಒಂದು ಬದಿಗೆ ಸರಿಯುತ್ತದೆ. ಪಂಪು ಎಣ್ಣೆಯ ಬದಲು ಗಾಳಿಯನ್ನು ಹೀರುತ್ತದೆ. ಆಗ ಕಬ್ಬಿಣದ ನಡುವಿನ ಎಣ್ಣೆಯ ಪೊರೆ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಬೇರಿಂಗು ಸುಡಲು ಕೆಲವು ನಿಮಿಷ ಸಾಕು. ಆದುದರಿಂದ ದೀಪ ಕಂಡೊಡನೆ ನಿಲ್ಲುವುದೊಂದೇ ದಾರಿ.

ಅವನು ಎಣ್ಣೆಯನ್ನು ಒಮ್ಮೆಲೆ ಸುರಿಯಲಿಲ್ಲ. ಅರ್ಧ ಲೀಟರ್ ಹಾಕಿ, ತಡೆದು, ಕಡ್ಡಿ ನೋಡಿ, ಮತ್ತೆ ಹಾಕಿದ. ಮೇಲಿನ ಗೆರೆ ಮೀರಿದರೆ ಒಳಗೆ ತಿರುಗುವ ದಂಡ ಎಣ್ಣೆಯನ್ನು ಕಡೆದು ನೊರೆ ಮಾಡುವುದಂತೆ. ನೊರೆಗೆ ಒತ್ತಡ ನಿಲ್ಲದು. ಎಂಜಿನ್ ಚಾಲೂ ಮಾಡಿದೊಡನೆ ದೀಪ ಆರಿತು. ಆರದಿದ್ದರೆ ಎಳೆದುಕೊಂಡೇ ಹೋಗಬೇಕಿತ್ತೆಂದ. ಕಾರಿನ ಕೆಳಗೆ ಸೋರಿದ ಗುರುತಿರಲಿಲ್ಲ. ಹೊಗೆ ಮಾತ್ರ ನೀಲಿಯಾಗಿತ್ತು. ಸವೆದ ಪಿಸ್ಟನ್ ರಿಂಗುಗಳನ್ನು ದಾಟಿದ ಎಣ್ಣೆ ಪೆಟ್ರೋಲಿನೊಡನೆ ಉರಿದುಹೋಗುತ್ತಿತ್ತು. ಮುಪ್ಪಿನ ಯಂತ್ರಕ್ಕೆ ಇದು ಸಹಜ. ನೋಡದೆ ಬಿಟ್ಟದ್ದು ನನ್ನ ತಪ್ಪು.

ಹಳೆಯ ವಾಹನವುಳ್ಳ ಬಂಧುಗಳು ಇಷ್ಟನ್ನು ನೆನಪಿಡಬೇಕು. ವಾರಕ್ಕೊಮ್ಮೆ, ಹಾಗೆಯೇ ದೂರದ ಪ್ರಯಾಣಕ್ಕೆ ಮೊದಲು, ಸಮತಟ್ಟಾದ ನೆಲದಲ್ಲಿ ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಕಾಯಬೇಕು. ಕಡ್ಡಿಯನ್ನು ಒರೆಸಿ, ಮರಳಿ ಇಳಿಸಿ, ಎತ್ತಿ ನೋಡಬೇಕು. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಹಾಲು ಬೆರೆತ ಚಹಾದ ಬಣ್ಣ ಕಂಡರೆ ನೀರು ಸೇರಿದೆಯೆಂದು ತಿಳಿದು ಗಾಡಿಯನ್ನು ಓಡಿಸಬಾರದು.

ಇಂಗ್ಲೆಂಡಿನಲ್ಲಿಯೂ ಹಿಂದೆ ಎಂಜಿನ್ ಎಣ್ಣೆಗೆ ಔಡಲೆಣ್ಣೆ ಬೆರೆಸುತ್ತಿದ್ದರು. 1909ರಲ್ಲಿ ಬಂದ ಕ್ಯಾಸ್ಟ್ರಾಲ್ ಎಂಬ ಹೆಸರಿಗೆ ಆ ಎಣ್ಣೆಯೇ ಮೂಲ. ಇದನ್ನು ಓದಿದಾಗ ನಮ್ಮ ಬಿದಿರಿನ ಗೊಟ್ಟ ಕಣ್ಣ ಮುಂದೆ ಬಂದಿತು.

ಅತ್ತಿಗೆಯವರ ಚಿಕಿತ್ಸೆ ಅದೇ ದಿನ ಸುಸೂತ್ರವಾಗಿ ನಡೆಯಿತು. ಎಂಟು ದಿನಗಳ ಬಳಿಕ ಮತ್ತೆ ತೋರಿಸಲು ಹೊರಟಾಗ ನಾನು ಕಡ್ಡಿ ಎಳೆದು ಒರೆಸುತ್ತಿದ್ದೆ. ಅವರು ಹತ್ತಿರ ಬಂದು ಬಗ್ಗಿ ನೋಡಿದರು.

“ಎರಡೂ ಗೆರಿ ಚಲೋ ಕಾಣಾಕ ಹತ್ಯಾವು. ಎಣ್ಣಿ ಮ್ಯಾಲಿನ ಗೆರಿಗೆ ಐತಿ. ನಡಿ ತಮ್ಮಾ” ಎಂದರು.