ಯಾವುದರಿಂದ ಶುರು ಮಾಡಲಿ?

ಮುಂಬಯಿಯ ಫೌಂಟನ್ನಿನ ಫುಟ್‌ಪಾತಿನಲ್ಲಿ ಪುಸ್ತಕ ಕೊಳ್ಳುವವರಿಗೆ ಒಬ್ಬ ಲೇಖಕ ಕ್ರಮವಾಗಿ ಸಿಗುವುದಿಲ್ಲ. ಸರಣಿಯ ಏಳನೆಯದು ರಾಶಿಯ ಮೇಲೆ ಕೂತಿರುತ್ತದೆ, ಮೊದಲನೆಯದು ಅಡಿಯಲ್ಲೆಲ್ಲೋ ಇರುತ್ತದೆ ಅಥವಾ ಇರುವುದೇ ಇಲ್ಲ. ಸಿಕ್ಕಿದ್ದನ್ನು ಸಿಕ್ಕ ಹಾಗೆ ಕೊಂಡು ಲೋಕಲ್ ರೈಲಿನಲ್ಲಿ ಓದಿ ಮುಗಿಸುವುದು ಈ ಊರಿನ ರೂಢಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಹಾಗೆ ಓದಿದರೆ ಏನೂ ಕೆಡುವುದಿಲ್ಲ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಅವರು ಪ್ರತಿಯೊಂದನ್ನೂ ಹೊಸ ಓದುಗನಿಗೇ ಬರೆದರು, ಯಾವ ಪುಟದಲ್ಲಿ ಹೊಕ್ಕರೂ ಬಾಗಿಲು ತೆರೆದೇ ಇರುತ್ತದೆ. ಎಲ್ಲ ಲೇಖಕರೂ ಹಾಗಲ್ಲ.

ಮುಂಬಯಿ ಸಿಐಡಿಯ ಇನ್‌ಸ್ಪೆಕ್ಟರ್ ಗಣೇಶ್ ಘೋಟೆಯನ್ನು ನೋಡಿ. ಅವನನ್ನು ಸೃಷ್ಟಿಸಿದವರು ಇಂಗ್ಲೆಂಡಿನ ಎಚ್.ಆರ್.ಎಫ್. ಕೀಟಿಂಗ್. ಮೊದಲ ಪುಸ್ತಕ ‘ದಿ ಪರ್ಫೆಕ್ಟ್ ಮರ್ಡರ್’ ಬಂದದ್ದು 1964ರಲ್ಲಿ, ಅವರು ಭಾರತಕ್ಕೆ ಕಾಲಿಟ್ಟದ್ದು 1974ರಲ್ಲಿ. ಹತ್ತು ವರ್ಷ ನಮ್ಮ ಊರನ್ನು ಕಣ್ಣಾರೆ ಕಾಣದೆ ಬರೆದರು! ಆ ಮೊದಲ ಪುಸ್ತಕದಲ್ಲಿ ಒಂದು ಕಡೆ ಪರ್ಫೆಕ್ಟ್ ಎಂಬ ಪಾರಸಿ ಕಾರ್ಯದರ್ಶಿಯ ಮೇಲೆ ಹಲ್ಲೆ, ಇನ್ನೊಂದು ಕಡೆ ಮಂತ್ರಿಯ ಮೇಜಿನಿಂದ ಒಂದೇ ಒಂದು ರೂಪಾಯಿಯ ಕಳವು. ಎರಡನ್ನೂ ಹೊತ್ತುಕೊಂಡು ಘೋಟೆ ಅಲೆಯುತ್ತಾನೆ. ಮೇಲಧಿಕಾರಿಗೆ ಹೆದರುವ, ತನ್ನ ಮೇಲೆ ತನಗೇ ಪೂರ್ತಿ ಭರವಸೆ ಇಲ್ಲದ, ಆದರೂ ಹಿಡಿದದ್ದನ್ನು ಬಿಡದ ಆ ಮನುಷ್ಯನನ್ನು ನಾನು ಸರಕಾರಿ ಕಚೇರಿಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಊರನ್ನು ಕಾಣದೆಯೇ ಕೀಟಿಂಗ್ ಅವನನ್ನು ಕಂಡುಕೊಂಡರು ಎಂಬುದು ನನಗೆ ಇಂದಿಗೂ ಬೆರಗು.

ಈ ಸರಣಿಯನ್ನು ಎರಡು ಬಗೆಯಲ್ಲಿ ಜೋಡಿಸಬಹುದು. ಅಚ್ಚಾದ ವರ್ಷದ ಪ್ರಕಾರ, ಇಲ್ಲವೇ ಕತೆಯೊಳಗಿನ ಕಾಲದ ಪ್ರಕಾರ. ಕಾಲದ ಪ್ರಕಾರ ಜೋಡಿಸುವವರು 2008ರಲ್ಲಿ ಬಂದ ‘ಇನ್‌ಸ್ಪೆಕ್ಟರ್ ಘೋಟೆಸ್ ಫಸ್ಟ್ ಕೇಸ್’ ಅನ್ನು ಮುಂದಕ್ಕೆ ತರುತ್ತಾರೆ. ಅದಕ್ಕೂ ಮುಂಚೆ, 1930ರ ಸಂಸ್ಥಾನವೊಂದರಲ್ಲಿ ನಡೆಯುವ ‘ದಿ ಮರ್ಡರ್ ಆಫ್ ದಿ ಮಹಾರಾಜಾ’ವನ್ನು ಇಡುತ್ತಾರೆ. ಇದು ತಪ್ಪು ದಾರಿ. ಮಹಾರಾಜನ ಕತೆ ಅಚ್ಚಾದದ್ದು 1980ರಲ್ಲಿ. ಅದರ ಕೊನೆಯಲ್ಲಿ ಒಂದು ಸಂಗತಿ ಬಿಚ್ಚಿಕೊಳ್ಳುತ್ತದೆ. ಘೋಟೆಯನ್ನು ಬಲ್ಲವರಿಗೆ ಅದು ಮನೆಯ ಸುದ್ದಿ ಕೇಳಿದಷ್ಟು ಖುಷಿ, ಅರಿಯದವರಿಗೆ ಬರೀ ಒಂದು ಸಾಲು. ಅದೇನೆಂದು ಹೇಳಲಾರೆ, ಓದಿಯೇ ತಿಳಿಯಬೇಕು. ಲೇಖಕ ಹದಿನಾರು ವರ್ಷ ಓದುಗರೊಡನೆ ಬೆಳೆಸಿದ ಸಲಿಗೆ ಆ ಸಾಲಿನ ಹಿಂದಿದೆ. ಪಂಚಾಂಗ ಹಿಡಿದು ಓದುವವನು ಅದನ್ನು ಕಳೆದುಕೊಳ್ಳುತ್ತಾನೆ. ಅದಕ್ಕೂ ಮಿಗಿಲಾಗಿ, ಕಲ್ಪನೆಯ ಮುಂಬಯಿ ಮುಗಿದು ಕಂಡ ಮುಂಬಯಿ ಎಲ್ಲಿ ಶುರುವಾಗುತ್ತದೆ ಎಂದು ಹುಡುಕುವ ಸುಖ ಅಚ್ಚಿನ ಕ್ರಮದಲ್ಲಿ ಓದಿದವರಿಗೆ ಮಾತ್ರ. 1976ರ ‘ಫಿಲ್ಮಿ, ಫಿಲ್ಮಿ’ಗೆ ಬರುವ ಹೊತ್ತಿಗೆ ನಾನಂತೂ ಪ್ರತಿ ಗಲ್ಲಿಯನ್ನೂ ತಡೆದು ನಿಲ್ಲಿಸಿ ನೋಡುತ್ತಿದ್ದೆ.

ವಿಕ್ರಮ್ ಚಂದ್ರರ ‘ಸೇಕ್ರೆಡ್ ಗೇಮ್ಸ್’ (2006) ಕೈಗೆತ್ತಿಕೊಳ್ಳುವವರಿಗೂ ಇದನ್ನೇ ಹೇಳುತ್ತೇನೆ. ಅದರ ಪೊಲೀಸ್ ಅಧಿಕಾರಿ ಸರ್ತಾಜ್ ಸಿಂಗ್ ಮೊದಲು ಬಂದದ್ದು 1997ರ ಕಥಾಸಂಕಲನದ ‘ಕಾಮ’ ಎಂಬ ನೀಳ್ಗತೆಯಲ್ಲಿ. ಮದುವೆ ಮುರಿಯುತ್ತಿರುವ ಆ ಸರ್ತಾಜನನ್ನು ಕಂಡವರಿಗೆ ದೊಡ್ಡ ಕಾದಂಬರಿಯ ಸರ್ತಾಜನ ಮೌನ ಬೇರೆಯಾಗಿಯೇ ಕೇಳಿಸುತ್ತದೆ.

ಕ್ರಮ ಗೊತ್ತಾಗುವುದು ಹೇಗೆ? ಶೀರ್ಷಿಕೆಯ ಹಾಳೆಯನ್ನು ಮಗುಚಿ ನೋಡಬೇಕು. ‘ಇದೇ ಲೇಖಕರ ಇತರ ಕೃತಿಗಳು’ ಅಲ್ಲಿರುತ್ತವೆ, ಕೆಳಗೆ ಮುದ್ರಣದ ವರ್ಷ. ನನ್ನಲ್ಲಿರುವ ಒಂದು ಹಳೇ ಪ್ರತಿಯಲ್ಲಿ ಆ ಪಟ್ಟಿಯ ಹೆಸರುಗಳ ಮುಂದೆ ಯಾರೋ ನೀಲಿ ಶಾಯಿಯಲ್ಲಿ ಸರಿ ಗುರುತು ಹಾಕುತ್ತಾ ಹೋಗಿದ್ದಾರೆ. ಕೊನೆಯ ಎರಡಕ್ಕೆ ಗುರುತಿಲ್ಲ. ಅವು ಸಿಗಲಿಲ್ಲವೋ ಏನೋ ಎಂದು ನನಗೆ ನಿಜಕ್ಕೂ ಕಳವಳವಾಗುತ್ತದೆ.

ಮೊನ್ನೆ ತಂಗಿಯ ಮಗಳು ಕೇಳಿದಳು, “ಮಾಮಾ, ಚಿತ್ತಾಲರನ್ನು ಓದಬೇಕು, ಯಾವುದರಿಂದ ಶುರು ಮಾಡ್ಲಿ?” ಯಶವಂತ ಚಿತ್ತಾಲರನ್ನು ಯಾರೂ ಪತ್ತೇದಾರಿ ಲೇಖಕರ ಸಾಲಿಗೆ ಸೇರಿಸುವುದಿಲ್ಲ. ಆದರೆ ಈ ಮಹಾನಗರದ ಬಗ್ಗೆ ‘ಶಿಕಾರಿ’ಯಷ್ಟು ಉಸಿರು ಬಿಗಿಹಿಡಿಸುವ ಕನ್ನಡ ಪುಸ್ತಕ ನನಗೆ ಬೇರೆ ಗೊತ್ತಿಲ್ಲ. ಕೆಮಿಕಲ್ ಕಂಪನಿಯ ಅಧಿಕಾರಿ ನಾಗಪ್ಪನ ಮೇಲೆ ಆರೋಪ ಬಂದಿದೆ. ಆರೋಪ ಏನು, ಹೊರಿಸಿದವರು ಯಾರು, ಅವನಿಗೇ ತಿಳಿಯದು. ಪಾಲಿಮರ್ ವಿಜ್ಞಾನಿಯಾಗಿ ಇಂಥ ಕಂಪನಿಗಳ ಒಳಗನ್ನು ಬಲ್ಲ ಚಿತ್ತಾಲರು ಮೀಟಿಂಗಿನ ಒಂದು ಮುಗುಳ್ನಗೆಯಲ್ಲೂ ಕತ್ತಿ ಅಡಗಿಸಿಡುತ್ತಾರೆ.

ನನ್ನ ನಿಯಮದಂತೆ ಅವಳಿಗೆ 1964ರ ‘ಮೂರು ದಾರಿಗಳು’ ಕೊಡಬೇಕಿತ್ತು. ಹೆಣ್ಣುಮಗಳೊಬ್ಬಳ ಬದುಕನ್ನು ಊರ ಬಾಯಿ ತಿಂದುಹಾಕುವ ಕತೆ ಅದು. ಹದಿನೈದು ವರ್ಷದ ಮೇಲೆ, 1979ರಲ್ಲಿ, ಅದೇ ಭಯ ಚಿತ್ತಾಲರ ಹುಟ್ಟೂರು ಹನೇಹಳ್ಳಿಯ ಕಡೆಯಿಂದ ಮುಂಬಯಿಯ ಆಫೀಸಿಗೆ ಬಂದು ನಾಗಪ್ಪನ ಬೆನ್ನು ಹತ್ತಿತು ಎಂದೇ ನಾನು ಓದಿಕೊಂಡಿದ್ದೇನೆ. ಆದರೂ ಅವಳಿಗೆ ಕೊಟ್ಟದ್ದು ‘ಶಿಕಾರಿ’ಯನ್ನೇ. ನಾಗಪ್ಪನಿಗೆ ಏನೂ ಗೊತ್ತಿಲ್ಲ. ಅವನ ಜೊತೆ ಹೋಗುವವರಿಗೂ ಏನೂ ಗೊತ್ತಿರಬಾರದು. ಬೆನ್ನು ಹತ್ತಿದ ಭಯದ ಮುಖವನ್ನು ಮೊದಲೇ ಕಂಡಿದ್ದರೆ ಆ ಕತ್ತಲು ಅರ್ಧ ತಿಳಿಯಾಗಿಬಿಡುತ್ತದೆ. ಲೇಖಕ ಓದುಗನನ್ನು ಎಲ್ಲಿ ಕುರುಡಾಗಿ ನಿಲ್ಲಿಸಬಯಸುತ್ತಾನೋ ಅಲ್ಲಿ ಅಚ್ಚಿನ ವರ್ಷವೂ ದಾರಿ ಬಿಡಬೇಕು. ‘ಶಿಕಾರಿ’ ಮುಗಿದ ಮೇಲೆ ಹಿಂದಕ್ಕೆ, ‘ಮೂರು ದಾರಿಗಳು’. ಆಮೇಲೆ ಸಾಲಾಗಿ ‘ಛೇದ’, ‘ಪುರುಷೋತ್ತಮ’, 1996ರ ‘ಕೇಂದ್ರ ವೃತ್ತಾಂತ’. ನಡುವೆ ಹನೇಹಳ್ಳಿಯ ಕತೆಗಳು ಯಾವಾಗ ಬೇಕಾದರೂ ಬರಲಿ.

ಅವಳೀಗ ನೂರನೇ ಪುಟದ ಆಸುಪಾಸಿನಲ್ಲಿದ್ದಾಳೆ. ನಿನ್ನೆ ರಾತ್ರಿ ಫೋನ್ ಮಾಡಿ, “ಆರೋಪ ಮಾಡಿದ್ದು ಯಾರು, ಅಷ್ಟು ಮಾತ್ರ ಹೇಳಿಬಿಡಿ ಮಾಮಾ” ಅಂದಳು. ನಾನು ಹೇಳಲಿಲ್ಲ.